ನಾನು ಸುತ್ತದ ಕೆರೆ

ನಾಲ್ಕನೇ ಮಹಡಿಯ ಮನೆಯಿಂದ,
ಮಾರ್ಚ್ 9, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಬೇಕರಿಯಲ್ಲಿ ಇಡೀ ದಿನ ನಿಂತಿರಬೇಡ, ಒಂದು ಸ್ಟೂಲು ಎಳೆದುಕೋ ಎಂದರೆ ನೀನು ಕೇಳುವವಳಲ್ಲ. ನಾನು ಚೆನ್ನಾಗಿದ್ದೇನೆ ಎಂದು ಎಂಟು ತಿಂಗಳಿಂದ ಬರೆಯುತ್ತಿದ್ದೇನೆ. ಇವತ್ತು ಹಾಗೆ ಬರೆಯಲು ನಾಚಿಕೆಯಾಗುತ್ತಿದೆ.

ನೀನು ಕಳಿಸಿದ ಬೂಟು ಸಿಕ್ಕಿತು. ಜೊತೆಗಿದ್ದ ಚೀಟಿಯನ್ನೂ ಓದಿದೆ: "ದಿನಾ ಕೆರೆ ಸುತ್ತಿ ಹಳೇದು ಸವೆದಿರತ್ತೆ. ನಿನ್ನ ಕಾಗದಾನ ಇಲ್ಲಿ ಎಲ್ಲರಿಗೂ ಓದಿ ಹೇಳ್ದೆ ಕಣೋ." ಅಕ್ಕಾ, ನಾನು ಯಾವ ಕೆರೆಯನ್ನೂ ಸುತ್ತಿಲ್ಲ. ನನ್ನ ಜೊತೆಗಾರ ಕಣ್ಣೆದುರೇ ಲಿಫ್ಟಿನ ಗುಂಡಿಗೆ ಬಿದ್ದು ಸತ್ತ ಮೇಲೆ ಈ ಹೊಸ್ತಿಲು ದಾಟಿಲ್ಲ. ಹೊರಗೆ ಹೋಗಲೆಂದು ಚಿಲಕಕ್ಕೆ ಕೈ ಹಾಕಿದರೆ ಎದೆ ಹಿಡಿದುಕೊಳ್ಳುತ್ತದೆ. ಹತ್ತೊಂಬತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನು ನಾನು. ಸಾಮಾನು ತಂದುಕೊಡುವ ಕೆಳಮನೆಯ ಅಜ್ಜಿಗೆ ಕಾಲು ಉಳುಕಿದೆ ಎಂದಿದ್ದೆ. "ಅದೆಂಥ ಉಳುಕಪ್ಪಾ, ಇನ್ನೂ ಬಿಡ್ಲಿಲ್ವಾ?" ಎಂದು ಪ್ರತಿ ವಾರ ಕೇಳುತ್ತಾರೆ.

ಕೆರೆ ಇರುವುದು ಒಂದು ವಿಆರ್ ಕನ್ನಡಕದಲ್ಲಿ. ಮನೆಗೆ ಬರುವ ಆಪ್ತಸಲಹೆಗಾರ್ತಿ ಕೊಟ್ಟಿದ್ದು. ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಮರ, ನೀರು, ತಲೆ ಎತ್ತಿದರೆ ಆಕಾಶ. ಮೊದಲ ದಿನ ಮಕ್ಕಳಾಟವೆಂದು ಮೂಗು ಮುರಿದೆ. ಹತ್ತು ನಿಮಿಷಕ್ಕೆ ಹೆಗಲು ಸಡಿಲವಾಯಿತು. ಆ ವಾರವೇ ನಿದ್ದೆಯೂ ಹತ್ತಿತು. ಅದೇ ಖುಷಿಯಲ್ಲಿ ನಿನಗೆ "ಕೆರೆಗೆ ಹೋಗಿದ್ದೆ" ಎಂದು ಬರೆದುಬಿಟ್ಟೆ. ಅದನ್ನೋದಿ ಸಂತೋಷಕ್ಕೆ ಅತ್ತುಬಿಟ್ಟೆನೆಂದು ನೀನು ಉತ್ತರಿಸಿದೆ. ಆಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ. ಕಲ್ಲುಬೆಂಚು, ಕುಂಟುವ ಬಾತುಕೋಳಿ, ಮೀನು ಹಿಡಿಯುವ ಮುದುಕ, ಹೀಗೆ ಒಂದಕ್ಕೊಂದು ಸೇರಿಸುತ್ತ ಹೋದೆ. ಆ ಮುದುಕ ಇಲ್ಲವೇ ಇಲ್ಲ, ಅಕ್ಕಾ. ಅವನಿಗೆಂದು ನೀನು ಹೆಣೆದು ಕಳಿಸಿದ ಟೋಪಿ ನನ್ನ ಕಪಾಟಿನಲ್ಲಿದೆ. ಕಪಾಟು ತೆರೆಯಲೂ ಮುಖವಿಲ್ಲ ನನಗೆ.

ನಿನ್ನೆ ಹೊಸ ಬೂಟು ಹಾಕಿಕೊಂಡು ಕೋಣೆಯೊಳಗೇ ನಡೆಯುತ್ತಿದ್ದೆ. ಸಲಹೆಗಾರ್ತಿ ಬಂದವರು ಕಾಲು ನೋಡಿ, "ಎಲ್ಲಿಗೆ ಹೊರಟ್ರಿ?" ಎಂದರು. ಎಲ್ಲವನ್ನೂ ಹೇಳಿಬಿಟ್ಟೆ. ಅವರು ನಗಲಿಲ್ಲ. "ಕೆರೆ ಸುಳ್ಳಾದ್ರೂ ನಿದ್ದೆ ಬಂದಿದ್ದು ನಿಜ ತಾನೆ? ಆದ್ರೆ ಅಲ್ಲೇ ಉಳ್ಕೋಬೇಡಿ. ಮೊದಲು ಅಕ್ಕಂಗೆ ಬರೀರಿ," ಎಂದರು.

ಬೈಯುವಷ್ಟು ಬೈ. ಅಮ್ಮ ಹೋದ ಮೇಲೆ ಸಾಕಿದವಳು ನೀನು. ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ನಿನ್ನ ಸುಳ್ಳುಬುರುಕ ತಮ್ಮ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಇದೊಂದು ಮಾತು. ಇಷ್ಟು ಬರೆದ ಮೇಲೆ ಬಾಗಿಲು ತೆರೆದು ಹನ್ನೊಂದು ಮೆಟ್ಟಿಲು ಇಳಿದೆ. ಅಲ್ಲೇ ಕುಸಿದು ಕೂತು, ಗೋಡೆ ಹಿಡಿದು ವಾಪಸ್ ಬಂದೆ. ಭಾನುವಾರ ಬರುತ್ತೀಯಾ? ಮೇಲೆ ಹತ್ತಬೇಡ, ರಸ್ತೆಯಲ್ಲೇ ನಿಂತಿರು. ಎಷ್ಟು ಹೊತ್ತಾದರೂ ಕಾಯಿ. ನಾನೇ ಇಳಿದು ಬರುತ್ತೇನೆ.