ಎಂಬತ್ತು ಸಾವಿರದೊಳಗಿನ ಮನೆಗಳು

ಶಿಕಾರಿಪುರ
ತಾ. 17-1-1996

ಪ್ರೀತಿಯ ನೀಲಾಂಬಿಕಾ,

ಸೊರಬದಲ್ಲಿ ಎಲ್ಲರೂ ಆರೋಗ್ಯವೇ? ಅತ್ತೆಯವರ ಮಂಡಿನೋವು ಇಳಿಯಿತೇ? ಸಂಕ್ರಾಂತಿಗೂ ನೀನು ಬರಲಿಲ್ಲವೇಕೆಂದು ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ಅವರಿಗೆ ಹೇಳುವ ಕಾರಣ ಮಂಡಿ. ನಿಜವಾದ ಕಾರಣ ನನ್ನ ಪೆದ್ದುತನವೆಂದು ನಮ್ಮಿಬ್ಬರಿಗೂ ಗೊತ್ತು.

ಹೋದ ವರ್ಷ ಮನೆ ಕಂಡ ಕೂಡಲೇ ನಿನ್ನ ಬಳೆ ಮಾರಿ ಮುಂಗಡ ಕೊಟ್ಟೆ, ಆಮೇಲೆ ಸಾಲ ಕೇಳಲು ಹೋದೆ. ಸಾಲ ಹುಟ್ಟಲಿಲ್ಲ, ಮುಂಗಡ ಮರಳಲಿಲ್ಲ. "ಅಳತೆ ತಗೊಳ್ದೆ ಬಟ್ಟೆ ಕತ್ತರಿಸೋ ಟೈಲರ್ ನೀವೊಬ್ರೇ ಕಣ್ರೀ" ಎಂದು ತವರಿನ ಬಸ್ಸು ಹತ್ತಿದೆಯಲ್ಲ, ಆ ಮಾತು ಹೊಲಿಗೆ ಮಿಷನ್ನಿನ ಜೊತೆಗೇ ತಿರುಗುತ್ತಿತ್ತು. ಈ ಸಲ ಒಂದು ಮನೆಯನ್ನೂ ನೋಡದೆ ನೇರ ಬ್ಯಾಂಕಿಗೆ ಹೋದೆ. ಎಷ್ಟು ಸಾಲ ಕೊಡುತ್ತೀರಿ ಮೊದಲು ಹೇಳಿ, ಮನೆ ಆಮೇಲೆ ಹುಡುಕುತ್ತೇನೆ ಎಂದೆ. ಮ್ಯಾನೇಜರ್ ರಾಜಪ್ಪನವರು ನಕ್ಕರು: "ಏನ್ರೀ ಇದು, ಕೂಸು ಹುಟ್ಟೋಕೆ ಮುಂಚೆ ಕುಲಾವಿ!" ನಾನು ಬಿಟ್ಟೇನೆಯೇ? "ಆ ಕುಲಾವಿ ಹೊಲಿಯೋನೇ ನಾನು ಸಾರ್. ಗಿರಾಕಿಗಳೆಲ್ಲ ಮುಂಚೇನೇ ಬರ್ತಾರೆ." ದಿನಾ ಹತ್ತು ರೂಪಾಯಿ ಕಟ್ಟಿದ ಪಿಗ್ಮಿ ಪುಸ್ತಕ, ಅಂಗಡಿ ಲೆಕ್ಕ ಎಲ್ಲ ತಿರುವಿ ನೋಡಿ, ಒಂದು ತಿಂಗಳು ಅಲೆಸಿ, ನಿನ್ನೆ ಕಾಗದ ಕೊಟ್ಟರು. ಎಂಬತ್ತು ಸಾವಿರದವರೆಗೆ ಸಾಲ. ಮೂರು ತಿಂಗಳೊಳಗೆ ಮನೆ ಗೊತ್ತುಮಾಡಬೇಕು.

ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಸಂಜೆ ಊರು ಸುತ್ತಿದೆ. ಇಪ್ಪತ್ತು ವರ್ಷ ತುಳಿದ ಬೀದಿಗಳೇ ಅಲ್ಲ ಅವು. ಎಂಬತ್ತು ಸಾವಿರದೊಳಗಿನ ಮನೆಗಳೆಲ್ಲ ನನ್ನ ಕಡೆ ಮುಖ ಮಾಡಿ ನಿಂತಂತಿದ್ದವು. ಅದಕ್ಕಿಂತ ದೊಡ್ಡವನ್ನು ನಾನೇ ಕಣ್ಣೆತ್ತಿ ನೋಡಲಿಲ್ಲ. ಕೆರೆ ಕಡೆಯ ಹಂಚಿನ ಮನೆಯೊಂದರಲ್ಲಿ ಯಾರೋ ದೀಪ ಹಚ್ಚಿದರು, ನೀನೇ ಎನಿಸಿತು. ಇನ್ನೊಂದರ ಜಗಲಿಯಲ್ಲಿ ನೀನು ಹಪ್ಪಳ ಒಣಗಿಸುತ್ತಾ ಕಾಗೆ ಓಡಿಸುತ್ತಿದ್ದೆ. ಮೂರನೆಯದರ ಬಾಗಿಲು ಎಷ್ಟು ತಟ್ಟಿದರೂ ನೀನು ತೆಗೆಯಲಿಲ್ಲ. ಕನಸಿನಲ್ಲೂ ನಿನ್ನ ಸಿಟ್ಟು ಇಳಿದಿರಲಿಲ್ಲ. ಒಂದೇ ಸಂಜೆಯಲ್ಲಿ ಏಳು ಮನೆಗಳಲ್ಲಿ ಸಂಸಾರ ಮಾಡಿ ಬಂದೆ, ಖರ್ಚು ಸೊನ್ನೆ. ಅವುಗಳಲ್ಲಿ ಒಂದಾದರೂ ಮಾರಾಟಕ್ಕಿದೆಯೋ, ಕೇಳಲೂ ಇಲ್ಲ.

ಅತ್ತೆಯವರಿಗೆ ನನ್ನ ಶರಣು. ನಿನಗೆ, ನೀನು ಒಪ್ಪಿಕೊಳ್ಳುವಷ್ಟು ಪ್ರೀತಿ.

ನಿನ್ನ,
ಚನ್ನವೀರಪ್ಪ

ತಾ.ಕ.: ಅಂಚೆ ಡಬ್ಬ ತೆರೆಯುವ ಹೊತ್ತಾಯಿತು, ಅಸಲು ವಿಷಯವೇ ಉಳಿಯಿತು. ಬ್ಯಾಂಕಿನ ಕಾಗದಕ್ಕೆ ಹೆಂಡತಿಯ ಸಹಿಯೂ ಬೇಕು. ಅಂಚೆಯಲ್ಲಿ ಕಳಿಸಿ ತರಿಸಿಕೊಳ್ಳಿ ಎಂದರು ರಾಜಪ್ಪನವರು. ನಮ್ಮವಳು ಎದುರಿಗೆ ಕೂತು ನಾಲ್ಕು ಪ್ರಶ್ನೆ ಕೇಳದೆ ಸಹಿ ಹಾಕುವವಳಲ್ಲ ಎಂದು ಹೇಳಿ ಬಂದೆ. ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಸಹಿ ಹಾಕಿ ಸಂಜೆಯ ಬಸ್ಸಿಗೇ ಹಿಂದಿರುಗಿದರೂ ನಾನು ತಡೆಯುವುದಿಲ್ಲ. ಆ ಬಸ್ಸು ಎಷ್ಟು ಹೊತ್ತಿಗೆಂದು ಮಾತ್ರ ವಿಚಾರಿಸಿಲ್ಲ.