ಕೊಬ್ಬರಿ ಕಣದಲ್ಲಿ ಅವ್ವನ ಚಪ್ಪಲಿ

ಅಪ್ಪ,

ಇವತ್ತು ಕೊಬ್ಬರಿ ಒಡೆಸಿದೆವು. ಅವ್ವ ಚಪ್ಪಲಿ ಮೆಟ್ಟಿಕೊಂಡೇ ಕಣಕ್ಕೆ ಬಂದಳು. ಸಣ್ಣತಿಮ್ಮಯ್ಯ ಚಿಕ್ಕಪ್ಪ ಬೆಚ್ಚಿಬಿದ್ದರು. "ಅತ್ಗೆ, ಲಕ್ಷ್ಮಿ ಇರೋ ಜಾಗ, ಚಪ್ಪಲಿ ಬುಡಿ."

"ಸಕ್ಕರೆ ಕಾಯಿಲೆಯೋರ ಕಾಲಿಗೆ ಚಿಪ್ಪು ಚುಚ್ಚಿದ್ರೂ ಗೊತ್ತಾಗಲ್ಲ ಕಣಪ್ಪ. ಲಕ್ಷ್ಮಿಗೆ ನಾನೇ ಹೇಳ್ಕೋತೀನಿ ಬುಡು."

ಚಿಕ್ಕಪ್ಪ ಚಿಪ್ಪು ಬಾಚಲು ತಿರುಗಿದರು. ನಾನು ಬೀಗಿದೆ. ಎರಡು ಮುದ್ದೆ ಉಣ್ಣುತ್ತಿದ್ದವಳು ಈಗ ಒಂದಕ್ಕೆ ಇಳಿದಿದ್ದಾಳೆ. ಮಾತ್ರೆ ತಪ್ಪಿಸುವುದಿಲ್ಲ. ದಿನಾ ಸಂಜೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಾಳೆ. ಸಕ್ಕರೆ ಹತೋಟಿಯಲ್ಲಿದೆ.

ಕೆಲಸ ಮುಗಿದ ಮೇಲೆ ಅವಳ ಚಪ್ಪಲಿಯ ಅಡಿಯಿಂದ ಮೂರು ಚಿಪ್ಪಿನ ಚೂರು ಕಿತ್ತೆ. ನಿನ್ನ ಕಾಲಲ್ಲಿ ಸಿಕ್ಕಿದ್ದು ಒಂದೇ. ಅದು ಕೀವಾಗಿ, ಕಾಲು ಹೋಗಿ, ಕೊನೆಗೆ ನೀನೂ ಹೋದೆ.

ಅವತ್ತು ಕಣದ ಅಂಚಿನಲ್ಲಿ, "ಚಪ್ಪಲಿ ಬುಡಪ್ಪ, ಲಕ್ಷ್ಮಿ ಇರೋ ಜಾಗ" ಅಂದವಳು ನಾನೇ.