ಮಂಚದ ಜೊತೆ ಹೋದವಳು

ಮಂಗಳವಾರ, ಮಧ್ಯಾಹ್ನ
ಹೊಲಿಗೆ ಕೋಣೆಯಿಂದ

ನನ್ನ ಹಟಮಾರಿ ಮಗಳಿಗೆ, ಅವಳಿಗಿಂತ ಹಟಮಾರಿಯಾದ ಅಮ್ಮನ ಆಶೀರ್ವಾದಗಳು.

ಕ್ಷೇಮ ಸಮಾಚಾರ ಕೊನೆಯಲ್ಲಿ ಬರೆಯುತ್ತೇನೆ, ಮೊದಲು ಜಗಳ ಮುಗಿಸಿಬಿಡೋಣ. ನೀನು ಕಳಿಸಿದ ಒಪ್ಪಂದದ ಕಾಗದ ತಲುಪಿತು. ಹದಿನಾಲ್ಕು ಪುಟ. ಸಹಿ ಹಾಕಬೇಕಾದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಪುಟ್ಟ ಗುರುತು ಮಾಡಿ, ಅಮ್ಮ ಇಲ್ಲಿ, ಅಮ್ಮ ಇಲ್ಲಿ ಅಂತ ಬರೆದಿದ್ದೀಯ. ಒಟ್ಟು ಒಂಬತ್ತು ಕಡೆ. ಒಂದನೇ ಕ್ಲಾಸಿನಲ್ಲಿ ನೀನು ಅಕ್ಷರ ತಿದ್ದುವಾಗ ನಾನು ಹೀಗೆಯೇ ಚುಕ್ಕಿ ಇಟ್ಟುಕೊಡುತ್ತಿದ್ದೆ. ನೋಡಿ ನಗು ಬಂತು, ಆಮೇಲೆ ಸಿಟ್ಟು ಬಂತು. ಒಂಬತ್ತರಲ್ಲಿ ಒಂದು ಕಡೆಯೂ ಸಹಿ ಹಾಕಿಲ್ಲ. ಕಾಗದ ಈ ಪತ್ರದ ಜೊತೆಯಲ್ಲೇ ವಾಪಸ್ಸು ಬರುತ್ತಿದೆ.

ಸೋಮವಾರದೊಳಗೆ ಸಹಿ ಆಗದಿದ್ದರೆ ನಿಮ್ಮ ಟ್ರಸ್ಟು ನಮ್ಮ ಸಂಘಕ್ಕೆ ಅಂತ ಇಟ್ಟಿರುವ ಗೋದಾಮು, ವ್ಯಾನು, ಕಂಪ್ಯೂಟರು ಎಲ್ಲವನ್ನೂ ಬೇರೆ ಸಂಘಕ್ಕೆ ಕೊಟ್ಟುಬಿಡುತ್ತದೆ ಅಂತ ಬರೆದಿದ್ದೀಯ. ಇದನ್ನು ಕುದುರಿಸಲು ನೀನು ಎರಡು ವರ್ಷ ಓಡಾಡಿದ್ದು ನನಗೆ ಗೊತ್ತು. ನಿಮ್ಮ ಕಾರ್ಯದರ್ಶಿಗಳ ಮುಂದೆ ನಿನಗೆ ಮುಖಭಂಗ ಆಗುತ್ತದೆ ಅನ್ನುವುದೂ ಗೊತ್ತು. ಅವರನ್ನು ಇಲ್ಲಿ ಎಲ್ಲರೂ ಇಸ್ತ್ರಿ ಸಾಹೇಬರು ಅಂತಲೇ ಕರೆಯುವುದು. ಮೂರು ಸಲ ನಮ್ಮ ಓಣಿಗೆ ಬಂದರು, ಮೂರು ಸಲವೂ ಅಂಗಿಯ ಗೆರೆ ಮುರಿಯದ ಹಾಗೆ ನಿಂತುಕೊಂಡೇ ಮಾತಾಡಿ ಹೋದರು. ಇರಲಿ. ಯಾಕೆ ಸಹಿ ಹಾಕಲಿಲ್ಲ ಅಂತ ನಿನಗೆ ಬಿಡಿಸಿ ಹೇಳಬೇಕು. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಪತ್ರ.

ನಾಲ್ಕನೇ ಪುಟ ತೆಗೆದು ನೋಡು. ಸಾಮಗ್ರಿಗಳು ಬಳಕೆಯ ನಂತರ ಗೋದಾಮಿಗೆ ಹಿಂದಿರುಗತಕ್ಕದ್ದು, ಅಲ್ಲಿಂದ ವಾಹನದ ಮೂಲಕ ಮುಂದಿನ ಫಲಾನುಭವಿಗೆ ತಲುಪತಕ್ಕದ್ದು ಅಂತಿದೆ. ಎಷ್ಟು ಚೊಕ್ಕವಾಗಿದೆ. ಆದರೆ ನಮ್ಮಲ್ಲಿ ಯಾವುದೂ ಹಿಂದಿರುಗುವುದಿಲ್ಲ ಕೂಸೇ. ಹಾಸಿಗೆ ಹಿಡಿದವರ ಮಂಚ, ಗಾಲಿಕುರ್ಚಿ, ಊರುಗೋಲು, ಗಾಳಿ ಹಾಸಿಗೆ, ಯಾವುದೇ ಇರಲಿ, ಒಂದು ಮನೆಯಲ್ಲಿ ಅದರ ಕೆಲಸ ಮುಗಿದರೆ ಆ ಮನೆಯವರೇ ಮುಂದಿನ ಮನೆಗೆ ಹೊತ್ತುಕೊಂಡು ಹೋಗಬೇಕು. ಹೋಗಿ ಅರ್ಧ ದಿನ ಅಲ್ಲೇ ಕೂರಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವುದು ಹೇಗೆ, ಹಿಮ್ಮಡಿಯ ಕೆಳಗೆ ಬಟ್ಟೆಯ ಸುರುಳಿ ಎಲ್ಲಿ ಇಡಬೇಕು, ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಹೊಸ್ತಿಲು ದಾಟಿಸುವುದು ಹೇಗೆ, ಎಲ್ಲವನ್ನೂ ಕೈಹಿಡಿದು ಕಲಿಸಬೇಕು. ಎಷ್ಟೇ ದೊಡ್ಡ ಮನುಷ್ಯರಾದರೂ ಇದಕ್ಕೆ ವಿನಾಯಿತಿ ಇಲ್ಲ. ಇದನ್ನು ಬಿಟ್ಟರೆ ನಮಗೆ ಬೇರೆ ನಿಯಮವೂ ಇಲ್ಲ.

ಹೀಗೇ ಅಲ್ಲವೇ ನಾವು ಬೆಳೆದದ್ದು. ಶುರುವಾದಾಗ ಇದ್ದದ್ದು ನಿಮ್ಮಪ್ಪ ಮಲಗಿದ್ದ ಒಂದು ಕಬ್ಬಿಣದ ಮಂಚ. ಅದು ನಮ್ಮ ಚರಂಡಿ ಬದಿಯ ಓಣಿಯಲ್ಲೇ ಎದುರು ಮನೆಯ ಗಾರೆಯವನಿಗೆ ಹೋಯಿತು. ಕಟ್ಟಡದ ಸಾರುವೆಯಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದ. ಅವನು ಹದಿನಾಲ್ಕು ತಿಂಗಳಾದ ಮೇಲೆ ಎದ್ದು ಕೂತ. ಅವನ ಹೆಂಡತಿ ಮಂಚವನ್ನು ಹಳೇ ಗಿರಣಿಯ ಹಿಂದಿನ ಕೋಣೆಗಳಿಗೆ ಹೊತ್ತಳು. ಅಲ್ಲಿ ಮಂಚ ಸೇರಿದ ಮನೆಯ ಸೊಸೆ ಆಸ್ಪತ್ರೆಯಲ್ಲಿ ಆಯಾ. ಆಸ್ಪತ್ರೆಯವರು ಮೂಲೆಗೆ ಎಸೆದಿದ್ದ ಎರಡು ಗಾಲಿಕುರ್ಚಿ ಅವಳು ಕೇಳಿ ತಂದಳು, ಸೈಕಲ್ ರಿಪೇರಿಯವನು ಅವಕ್ಕೆ ಚಕ್ರ ಹಾಕಿದ. ಮೊಹರು ಇಲ್ಲದವರಿಗೆ ಹಳೇ ಸಾಮಾನು ಕೊಡುವುದಿಲ್ಲ ಅಂತ ಆಸ್ಪತ್ರೆಯವರು ಪಟ್ಟು ಹಿಡಿದದ್ದಕ್ಕೆ ನಾವು ಸಂಘ ಅಂತ ನೋಂದಾಯಿಸಿಕೊಂಡದ್ದು. ಇಲ್ಲದಿದ್ದರೆ ಯಾರಿಗೆ ಬೇಕಿತ್ತು ಆ ಉಸಾಬರಿ. ಈಗ ಏಳು ಬಡಾವಣೆ. ಐದಕ್ಕೆ ಬಸ್ಸಿಲ್ಲ, ಮೂರಕ್ಕೆ ನೀರಿಲ್ಲ. ಗಾರೆಯವನು ಈಗ ಕೂತಲ್ಲಿಂದಲೇ ಸಿಮೆಂಟು ಕಲಸಿ, ಕುರ್ಚಿ ಹತ್ತಿಸಲು ಮನೆ ಬಾಗಿಲಿಗೆ ಇಳಿಜಾರು ಹಾಕಿಕೊಡುತ್ತಾನೆ. ನೂರು ದಾಟಿದೆಯಂತೆ, ಹೇಳಿಕೊಂಡು ಮೆರೆಯುತ್ತಾನೆ.

ನಿನ್ನ ವಾದವೂ ನನಗೆ ಬಾಯಿಪಾಠ. ಅಮ್ಮ, ನಿನ್ನ ಹೊಲಿಗೆ ಕೋಣೆಯ ಕರಿಹಲಗೆಯಲ್ಲಿ ಇಪ್ಪತ್ತಾರು ಮನೆ ಸಾಮಾನಿಗೆ ಕಾಯುತ್ತಿವೆ, ಈ ಕೈಯಿಂದ ಕೈಗೆ ದಾಟಿಸುವ ಪದ್ಧತಿ ಎಷ್ಟು ದಿನ ಅಂತ ಕೇಳುತ್ತೀಯ. ಸುಳ್ಳಲ್ಲ. ಕೊಳಾಯಿ ರಿಪೇರಿಯವನು ಹೆಂಡತಿ ತೀರಿಕೊಂಡ ಮೇಲೂ ನಾಲ್ಕು ತಿಂಗಳು ಗಾಲಿಕುರ್ಚಿ ಬಿಟ್ಟುಕೊಡಲಿಲ್ಲ. ಕೇಳಲು ಹೋದರೆ ಅದರ ಮೇಲೆ ಅವಳ ಸ್ವೆಟರು ಹಾಸಿತ್ತು, ನಾನು ಬಾಯಿ ತೆರೆಯದೆ ವಾಪಸ್ಸು ಬಂದೆ. ಇನ್ನೊಬ್ಬ ಮಹಾರಾಯ ಊರುಗೋಲನ್ನು ಗುಜರಿಗೆ ಹಾಕಿದ. ಒಂದು ಸಲ ನಾನೇ ಹಲಗೆಯಲ್ಲಿ ಓಣಿ ತಪ್ಪಾಗಿ ಬರೆದು, ಪಾಪ, ಮಂಚ ಹೊತ್ತವರು ಬಿಸಿಲಲ್ಲಿ ಊರೆಲ್ಲ ಸುತ್ತಿದರು. ಇದನ್ನೆಲ್ಲ ಮುಚ್ಚಿಡುವುದಿಲ್ಲ. ನಿನ್ನ ಮಾತಿಗೆ ಸೊಪ್ಪು ಹಾಕದವಳಾಗಿದ್ದರೆ ಎರಡು ತಿಂಗಳ ಪ್ರಯೋಗಕ್ಕೆ ಒಪ್ಪುತ್ತಲೇ ಇರಲಿಲ್ಲ. ತಗಡಿನ ಶೀಟಿನ ಮನೆಗಳ ಸಾಲನ್ನು ನಿಮ್ಮ ವ್ಯಾನಿಗೆ ಬಿಟ್ಟುಕೊಟ್ಟವಳು ನಾನೇ.

ಆ ಪ್ರಯೋಗದ ವರದಿ ನಿನ್ನ ಕಾಗದದ ಹನ್ನೊಂದನೇ ಪುಟದಲ್ಲಿದೆ. ಮೂವತ್ತೊಂದು ಸಾಮಗ್ರಿ ತಲುಪಿಸಲಾಗಿದೆ, ಯಶಸ್ಸು ನೂರಕ್ಕೆ ನೂರು. ಆ ಮೂವತ್ತೊಂದರಲ್ಲಿ ಒಬ್ಬರು ನಿವೃತ್ತ ಕಾವಲುಗಾರರು. ಅವರಿಗೆ ಗಾಳಿ ಹಾಸಿಗೆ ಹೋಯಿತು. ವ್ಯಾನಿನವನು ಇಳಿಸಿದ, ಸೊಸೆಯ ಸಹಿ ತೆಗೆದುಕೊಂಡ, ಹೊರಟ. ಅವನದೇನೂ ತಪ್ಪಿಲ್ಲ, ಅವನಿಗೆ ಅವತ್ತು ಇನ್ನೂ ಎಂಟು ಮನೆ ಇತ್ತು. ಹಾಸಿಗೆಗೆ ಗಾಳಿ ತುಂಬುವ ಪಂಪು ಸದಾ ಓಡುತ್ತಿರಬೇಕು ಅಂತ ಆ ಹುಡುಗಿಗೆ ಯಾರು ಹೇಳಬೇಕು? ಕರೆಂಟು ಹೋದಾಗ ನಳಿಕೆಯನ್ನು ಮಡಚಿ ಕಟ್ಟಬೇಕು ಅಂತ ಯಾರು ತೋರಿಸಬೇಕು? ಪಂಪಿನ ಪ್ಲಗ್ಗು ಕಿತ್ತು ಅಲ್ಲಿ ಅವಳು ಫೋನು ಚಾರ್ಜಿಗೆ ಹಾಕುತ್ತಿದ್ದಳು. ಹನ್ನೆರಡು ದಿನ ಆ ಮನುಷ್ಯ ಗಾಳಿಯಿಲ್ಲದ ರಬ್ಬರಿನ ಮೇಲೆ ಮಲಗಿದ್ದರು. ನಾನು ನೋಡಲು ಹೋದಾಗ ಸೊಂಟದ ಹತ್ತಿರ ನನ್ನ ಅಂಗೈ ಅಗಲದ ಹುಣ್ಣು. ಸೊಸೆ ಅಳುತ್ತಾ, ಗಾಳಿ ಹಾಸಿಗೆ ಬಂದಿದೆಯಲ್ಲ, ಇನ್ನು ಹೊರಳಿಸಬೇಕಾಗಿಲ್ಲ ಅಂದುಕೊಂಡೆ ಆಂಟಿ ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲಲ್ಲ. ನಿನ್ನ ಮೇಲೂ ಅಲ್ಲ, ಮೊದಲು ನನ್ನ ಮೇಲೆ.

ಅದೇ ಸಾಲಿನ ಇನ್ನೊಂದು ಮನೆಯಲ್ಲಿ ಗಾಲಿಕುರ್ಚಿ ಬೀದಿಯಲ್ಲೇ ನಿಂತಿತ್ತು, ಅದರ ಮೇಲೆ ಬಿಂದಿಗೆ ಇಟ್ಟಿದ್ದರು. ಟೇಪು ತೆಗೆದು ಬಾಗಿಲು ಅಳೆದೆ. ಬಾಗಿಲು ಇಪ್ಪತ್ತನಾಲ್ಕು ಇಂಚು, ಕುರ್ಚಿ ಇಪ್ಪತ್ತಾರು. ಮೂವತ್ತು ವರ್ಷ ಬಟ್ಟೆ ಹೊಲಿದ ನಾನು ಅಳತೆ ತೆಗೆಯದೆ ಕತ್ತರಿ ಆಡಿಸಿದವಳಲ್ಲ. ಮೊದಲೇ ಒಬ್ಬರು ಹೋಗಿ ಆ ಬಾಗಿಲಲ್ಲಿ ನಿಂತಿದ್ದರೆ ಸಣ್ಣ ಕುರ್ಚಿ ಕಳಿಸುತ್ತಿದ್ದೆವು.

ಕಳೆದ ಭಾನುವಾರ ಎಲ್ಲರನ್ನೂ ಕರೆದು ನಿನ್ನ ಕಾಗದ ಓದಿ ಹೇಳಿದೆ. ಎಷ್ಟು ಜನ ಬಂದರು ಅಂದರೆ ನನ್ನ ಹೊಲಿಗೆ ಕೋಣೆ ಸಾಲದೆ ಬೀದಿಯಲ್ಲಿ ಕೂತರು. ವ್ಯಾನು ಅಂದಾಗ ಕಣ್ಣು ಅರಳಿತು, ಯಾಕೆ ಸುಳ್ಳು ಹೇಳಲಿ. ಆಯಾ ಎದ್ದು, ನನ್ನ ಸೊಂಟ ಬಿದ್ದುಹೋಗಿದೆ, ಮಂಚ ಹೊರಲು ವ್ಯಾನು ಬಂದರೆ ಪೂಜೆ ಮಾಡುತ್ತೇನೆ ಅಂದಳು. ಎಲ್ಲರೂ ನಕ್ಕರು. ಆಮೇಲೆ ಅವಳೇ ಕೇಳಿದಳು, ಆದರೆ ಮಂಚದ ಜೊತೆ ನಾನು ಹೋಗುವ ಹಾಗಿಲ್ಲವಾ? ಇಲ್ಲ, ಸಿಬ್ಬಂದಿ ಮಾತ್ರ ಅಂತ ಆರನೇ ಪುಟ ಓದಿದೆ. ಹಾಗಾದರೆ ನನ್ನ ಅತ್ತೆಯನ್ನು ನೋಡಿಕೊಂಡು ನಾನು ಕಲಿತದ್ದನ್ನು ಎಲ್ಲಿ ಇಟ್ಟುಕೊಳ್ಳಲಿ ಅಂದಳು. ಆಗ ಗೋಡೆಗೆ ಒರಗಿ ಕೂತಿದ್ದ ಕೊಳಾಯಿಯವನು, ಅದೇ ಸ್ವೆಟರಿನವನು, ಬಾಯಿಬಿಟ್ಟ. ಕುರ್ಚಿ ತೆಗೆದುಕೊಂಡು ಹೋಗಲು ವ್ಯಾನು ಬಂದಿದ್ದರೆ ಅವತ್ತೇ ಕೊಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದೆ, ಆಮೇಲೆ ಆ ಬಾಗಿಲು ತೆಗೆಯುತ್ತಿರಲಿಲ್ಲ ಅಂದ. ನಾಲ್ಕು ತಿಂಗಳಾದ ಮೇಲೆ ಅವನು ತಾನೇ ತಳ್ಳಿಕೊಂಡು ಹೋಗಿ ರೈಲು ಹಳಿಯ ಆಚೆ ಒಬ್ಬ ಅಜ್ಜಿಗೆ ಕೂರಲು ಕಲಿಸಿ ಬಂದಿದ್ದ. ಈಗಲೂ ವಾರಕ್ಕೊಮ್ಮೆ ಹೋಗಿ ಚಕ್ರಕ್ಕೆ ಎಣ್ಣೆ ಬಿಟ್ಟು ಬರುತ್ತಾನೆ.

ನಿನಗೆ ಇದೆಲ್ಲ ಭಾವುಕತೆ ಅನ್ನಿಸಬಹುದು. ಅಮ್ಮನ ಮಂಡಿ ಸವೆದಿದೆ, ಅವಳ ನಂತರ ಯಾರು ಅಂತ ಕೇಳುತ್ತೀಯ. ಕೇಳು. ಹೋದ ತಿಂಗಳು ಏಳನೇ ಬಡಾವಣೆಗೆ, ಕಲ್ಲುಕ್ವಾರಿಯ ಪಕ್ಕದ್ದಕ್ಕೆ, ಮೊದಲ ಮಂಚ ಹೋಯಿತು. ಯಾರು ಕಳಿಸಿದರು ಅಂತ ನನಗೆ ಗೊತ್ತೇ ಇಲ್ಲ. ನಾನು ಆ ಜಾಗ ಕಣ್ಣಲ್ಲೂ ಕಂಡಿಲ್ಲ. ಒಂದು ಬೆಳಿಗ್ಗೆ ಆ ಕ್ವಾರಿಯ ಕಡೆಯ ಯಾರೋ ಹೆಂಗಸು ಬಂದು, ಹಲಗೆಯಲ್ಲಿ ಬರೆದುಕೊಳ್ಳಿ, ನಮ್ಮ ಕಡೆ ಮೂರು ಮನೆ ಆಯಿತು ಅಂದಳು. ನೀವು ಯಾರಮ್ಮ ಅಂತ ಕೇಳಿದೆ. ನೀವು ಯಾರು ಅಂತ ನನ್ನನ್ನೇ ತಿರುಗಿ ಕೇಳಿದಳು. ಇಷ್ಟು ಸಂತೋಷ ನನಗೆ ಈಚೆಗೆ ಆಗಿರಲಿಲ್ಲ.

ನಾವು ತೀರ್ಮಾನ ಮಾಡಿದ್ದು ಇಷ್ಟು. ಗೋದಾಮು ಕೊಡಿ, ಮುರಿದದ್ದನ್ನು ರಿಪೇರಿ ಮಾಡಲು ಬೇಕು. ವ್ಯಾನು ಕೊಡಿ, ಭಾರ ಹೊರಲು ಬೇಕು. ಆದರೆ ಸಾಮಾನು ಮನೆಯಿಂದ ಮನೆಗೇ ಹೋಗಬೇಕು, ವ್ಯಾನಿನ ಮುಂದಿನ ಸೀಟಿನಲ್ಲಿ ಅದನ್ನು ಬಳಸಿದ ಮನೆಯವರು ಕೂರಬೇಕು, ಅವರು ಇಳಿದ ಮೇಲೆ ಅರ್ಧ ದಿನ ಯಾರೂ ಹಾರ್ನ್ ಹೊಡೆಯಬಾರದು. ಇದಕ್ಕೆ ಒಪ್ಪಿದರೆ ಒಂಬತ್ತಲ್ಲ, ತೊಂಬತ್ತು ಸಹಿ ಹಾಕುತ್ತೇನೆ. ಒಪ್ಪದಿದ್ದರೆ ನಿಮ್ಮ ಇಸ್ತ್ರಿ ಸಾಹೇಬರು ಜಪ್ಪಯ್ಯ ಅಂದರೂ ಇಲ್ಲ. ಹತ್ತೊಂಬತ್ತು ವರ್ಷ ತಲೆ ಮೇಲೆ ಹೊತ್ತಿದ್ದೇವೆ, ಇನ್ನೂ ಹೊರುತ್ತೇವೆ. ಈ ಮಾತನ್ನು ಮೆತ್ತಗೆ ಮಾಡಿ ಹೇಳಬೇಡ, ನಾನು ಬರೆದ ಹಾಗೇ ಅವರಿಗೆ ಓದಿ ಹೇಳು. ನಿನ್ನ ಕೆಲಸಕ್ಕೆ ಇದರಿಂದ ಪೆಟ್ಟು ಬಿದ್ದರೆ ನನಗೆ ಸಂಕಟವಾಗುತ್ತದೆ. ಆದರೂ ಬರೆಯುತ್ತಿದ್ದೇನೆ.

ಈಗ ಕ್ಷೇಮ ಸಮಾಚಾರ. ಮಂಡಿ ಹಾಗೇ ಇದೆ. ಕಾವಲುಗಾರರ ಹುಣ್ಣು ಕೆಳಗಿನಿಂದ ಕೆಂಪಾಗಿ ತುಂಬಿಕೊಳ್ಳುತ್ತಿದೆ, ಅದು ಒಳ್ಳೆಯ ಗುರುತು ಅಂತ ನರ್ಸಮ್ಮ ಹೇಳಿದರು. ಆ ಗಾಳಿ ಹಾಸಿಗೆಯನ್ನು ಹಿಂದೆ ತಾಯಿಗೆ ಬಳಸಿದ್ದ ಹೂವಿನಂಗಡಿಯವಳು ದಿನಾ ಬೆಳಿಗ್ಗೆ ಹೋಗಿ ಸೊಸೆಗೆ ಕಲಿಸುತ್ತಿದ್ದಾಳೆ. ನೀನು ಊಟ ಬಿಟ್ಟು ದುಡಿಯಬೇಡ. ರಜೆ ಸಿಕ್ಕಿದರೆ ಬಾ, ನಿನ್ನ ಅಳತೆ ತೆಗೆದುಕೊಂಡು ಎರಡು ವರ್ಷವಾಯಿತು.

ನಿನ್ನ ಮೇಲೆ ಸಿಟ್ಟಿಲ್ಲದ, ಆದರೆ ಸಹಿಯೂ ಹಾಕದ,
ಅಮ್ಮ

ಮರೆತಿದ್ದೆ ಅಂತ ಬರೆಯಲು ಹೊರಟಿದ್ದೆ, ಮರೆತಿರಲಿಲ್ಲ. ಒಂಬತ್ತನೇ ಪುಟದಲ್ಲಿ ಗೋದಾಮಿನ ಬಾಗಿಲ ಮೇಲೆ ಹಾಕುವ ಬೋರ್ಡಿನ ಚಿತ್ರ ಇದೆ. ನಿಮ್ಮಪ್ಪನ ಫೋಟೋ, ಅದರ ಕೆಳಗೆ, ಅವರ ಕೊನೆಯ ಮಾತು: ಕೊಡು. ಆ ಕಥೆಯನ್ನು ನಿನಗೆ ಹೇಳಿದವಳು ನಾನೇ, ಪ್ರತಿ ವರ್ಷದ ಸಭೆಯಲ್ಲಿ ಹೇಳಿದವಳೂ ನಾನೇ. ಗಾರೆಯವನ ವಿಷಯ ಕೇಳಿ ಅಪ್ಪ ನಾಲಗೆ ಹೊರಳದಿದ್ದರೂ ಕಷ್ಟಪಟ್ಟು ಆ ಒಂದು ಪದ ಹೇಳಿದರು ಅಂತ. ನೀನು ಆಗ ಚಿಕ್ಕಮ್ಮನ ಮನೆಯಲ್ಲಿದ್ದೆ, ನಿನಗೆ ಹನ್ನೆರಡು ವರ್ಷ. ನಿಜ ಹೇಳುತ್ತೇನೆ. ಅವರು ಹೇಳಿದ್ದು ಬೇಡ ಅಂತ. ಎರಡು ಸಲ ಹೇಳಿದರು. ಅವರು ಉಳಿಯುವುದಿಲ್ಲ ಅಂತ ಡಾಕ್ಟರು ಆಗಲೇ ಹೇಳಿಯಾಗಿತ್ತು. ಎದುರು ಮನೆಯಲ್ಲಿ ಒದ್ದೆ ನೆಲದ ಮೇಲೆ ಮಲಗಿದ್ದವನು ಮಂಚ ಸಿಕ್ಕಿದರೆ ಉಳಿಯುತ್ತಿದ್ದ. ನಾನು ನಿಮ್ಮಪ್ಪನನ್ನು ಚಾಪೆಗೆ ಇಳಿಸಿ ಮಂಚ ಹೊತ್ತೆ. ಹೊತ್ತುಕೊಂಡು ಹೋದವಳು ಅಲ್ಲೇ ಅರ್ಧ ದಿನ ಕೂತೆ, ಹೊರಳಿಸುವುದು ಕಲಿಸಿದೆ, ಕಲಿಸಿದ್ದನ್ನೇ ಮತ್ತೆ ಕಲಿಸಿದೆ. ಮನೆಗೆ ಬಂದು ಅವರ ಮುಖ ನೋಡುವ ಧೈರ್ಯ ಇರಲಿಲ್ಲ, ಅದಕ್ಕೆ. ನಮ್ಮ ಅರ್ಧ ದಿನದ ನಿಯಮ ಹುಟ್ಟಿದ್ದು ಹಾಗೆ. ಗಾರೆಯವನ ಹೆಂಡತಿ ದಿನಾ ಬಂದು ನಿಮ್ಮಪ್ಪನನ್ನು ನನ್ನ ಜೊತೆ ಹೊರಳಿಸಿದಳು. ಅವರು ಇನ್ನೂ ಹನ್ನೊಂದು ದಿನ ಇದ್ದರು, ಅವಳನ್ನು ನೋಡುತ್ತಿದ್ದರು, ನನ್ನನ್ನು ನೋಡಲಿಲ್ಲ. ಇವತ್ತು ಕೇಳಿದರೂ ನಾನು ಆ ಮಂಚ ಕೊಡುತ್ತೇನೆ. ಆದರೆ ಅವರ ಬಾಯಲ್ಲಿ ನನ್ನ ಮಾತು ಇಡುವುದು ಸಾಕು. ಬೋರ್ಡು ಬೇಡ. ನಿಮ್ಮವರು ಬೋರ್ಡು ಬೇಕೇ ಬೇಕು ಅಂದರೆ ನಡೆದದ್ದನ್ನೇ ಬರೆಸು: ಅವರು ಬೇಡ ಅಂದರು, ಅವಳು ಕೊಟ್ಟಳು.